ಆಮೆ ಇನ್ನೂ ಉಣ್ಣುತ್ತಿದೆ

ನಿಶಾಳಿಗೆ ಸಂಬಳ ಸಿಗುತ್ತಿದ್ದದ್ದು ತಪ್ಪು ಮಾಡುವುದಕ್ಕೆ. ಬಾಗಿಲು ಇದ್ದಲ್ಲಿ ಗೋಡೆಗೆ ಹಾಯುವುದು, ಓಡಬೇಕಾದಲ್ಲಿ ನಿಲ್ಲುವುದು, ಒಂದು ಗುಂಡಿ ಒತ್ತಬೇಕಾದಲ್ಲಿ ನಾಲ್ಕನ್ನು ಒಟ್ಟಿಗೇ ಅದುಮುವುದು. ಹೀಗೆ ಒಂದು ವಿಡಿಯೋ ಗೇಮನ್ನು ಕೆಡಿಸಲು ಏನೆಲ್ಲ ದಾರಿಗಳಿವೆಯೋ ಅಷ್ಟನ್ನೂ ಹುಡುಕಿ, ಎಲ್ಲಿ ಹೇಗೆ ಕೆಟ್ಟಿತೆಂದು ಬರೆದುಕೊಡುವುದು ಅವಳ ಉದ್ಯೋಗ. ಥಾಣೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಬಂದವಳಿಗೆ ಈ ಕೆಲಸ ಬೇಗ ಒಗ್ಗಿತು. ಅಲ್ಲಿ ಗಾಜು ಒಡೆದರೆ ಬೈಗುಳ, ಇಲ್ಲಿ ಒಡೆದಷ್ಟೂ ಶಾಭಾಸ್.

ಕಂಪನಿ ಎಂದರೆ ನವಿ ಮುಂಬಯಿಯ ಸಾನಪಾಡಾ ಸ್ಟೇಷನ್ನಿನ ಹತ್ತಿರದ ಕಟ್ಟಡವೊಂದರಲ್ಲಿ ಎರಡು ಕೋಣೆ. ಯಜಮಾನ ಹಿತೇಶ್ ಖಾರಘರದ ಹುಡುಗ. ಅಪ್ಪ ಅಮ್ಮ ತುಳುವಿನಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಲೇ ಬೆಳೆದವನು. ಮೊಬೈಲ್ ಫೋನುಗಳಿಗಾಗಿ ಅವನು ಮಾಡಿಸಿದ ‘ಗಜ್ಜು ಧಡಾಮ್’ ಎಂಬ ಗೇಮು ಅಷ್ಟಿಷ್ಟು ಹೆಸರು ಮಾಡಿತ್ತು. ಗಜ್ಜು ಎಂಬ ಆನೆ ಕಾಲು ಅಪ್ಪಳಿಸಿದರೆ ಗೋಡೆ ಧಡಾಮ್, ಸೇತುವೆ ಧಡಾಮ್, ನೀರಿನ ಟ್ಯಾಂಕರ್ ಧಡಾಮ್. ಕತೆ ಅಷ್ಟೇ. ಲೋಕಲ್ ಗಾಡಿಯಲ್ಲಿ ಒಂದು ಕೈಯಲ್ಲಿ ಜೋತುಕೊಂಡವರು ಇನ್ನೊಂದು ಕೈಯ ಹೆಬ್ಬೆರಳು ಸವೆಯುವಷ್ಟು ಆಡುತ್ತಿದ್ದರು.

ಕೋಪರಿಯಲ್ಲಿ, ಥಾಣೆ ಸ್ಟೇಷನ್ನಿನ ಪೂರ್ವಕ್ಕೆ, ನಿಶಾಳ ತಂದೆ ಪುಂಡರೀಕಾಕ್ಷ ಭಟ್ಟರ ಸಸ್ಯಾಹಾರಿ ಹೊಟೇಲು. ಮಗಳ ಉದ್ಯೋಗವನ್ನು ಗಿರಾಕಿಗಳಿಗೆ ವಿವರಿಸಿ ವಿವರಿಸಿ ಸೋತ ಭಟ್ಟರು ಕೊನೆಗೆ ಒಂದು ಉತ್ತರ ಕಟ್ಟಿಟ್ಟುಕೊಂಡಿದ್ದರು.

“ಮಗಳಿಗೆ ಈಗ ಎಂಥ ಕೆಲಸ, ಭಟ್ರೇ?”

“ಆನೆ ನೋಡಿಕೊಳ್ಳುವುದು.”

“ನವಿ ಮುಂಬಯಿಯಲ್ಲಿ ಆನೆ ಉಂಟಾ?”

“ಉಂಟು. ಏ.ಸಿ. ರೂಮಲ್ಲಿ ಕಟ್ಟಿ ಹಾಕಿದ್ದಾರೆ.”

ಒಳಗಿನಿಂದ ವಸಂತಿ, ನಿಶಾಳ ತಾಯಿ, ತಲೆ ಹಾಕುತ್ತಿದ್ದರು. “ಹೀಗೆ ಹೇಳಿ ಹೇಳಿಯೇ ಆ ಮೂಡುಬಿದಿರೆಯವರು ಜಾತಕ ವಾಪಸ್ ಕಳಿಸಿದ್ದು.”

“ಒಳ್ಳೇದಾಯ್ತು. ಆನೆಗೆ ಹೆದರುವವನಿಗೆ ನಮ್ಮ ಹುಡುಗಿಯನ್ನು ಕೊಟ್ಟು ಎಂಥ ಪ್ರಯೋಜನ?”

2009ರಲ್ಲಿ ದಾದರಿನ ಸಿ.ಡಿ. ವಿತರಕನೊಬ್ಬ ಹಿತೇಶನಿಗೆ ಒಂದು ಹೊಸ ಸುದ್ದಿ ತಂದ. ಅಣ್ಣಂದಿರು ಗಜ್ಜು ಆಡುವುದನ್ನು ನೋಡಿ ಬಾಲವಾಡಿಯ ಮಕ್ಕಳೂ ಗಜ್ಜು ಬೇಕೆಂದು ರಚ್ಚೆ ಹಿಡಿಯುತ್ತಿದ್ದಾರೆ. ತಾಯಂದಿರು ಒಡೆಯುವ ಆಟವನ್ನು ಕೈಗೆ ಕೊಡಲೊಲ್ಲರು. ಅದೇ ಆನೆಯನ್ನು ಇಟ್ಟುಕೊಂಡು ಎಣಿಕೆ, ಬಣ್ಣ, ಹಂಚಿಕೆ ಕಲಿಸುವ ಒಂದು ಪುಟ್ಟ ಗೇಮ್ ಮಾಡಿದರೆ ಕಂಪ್ಯೂಟರಿನಲ್ಲಿ ಹಾಕುವ ಸಿ.ಡಿ.ಯಾಗಿ ಮಾರಬಹುದು.

ಹಿತೇಶನಿಗೆ ಅದರಲ್ಲಿ ರುಚಿ ಹತ್ತಲಿಲ್ಲ. ಅವನ ತಲೆಯಲ್ಲಿ ಇದ್ದದ್ದು ‘ಧಡಾಮ್’ನ ಮೂರನೆಯ ಭಾಗ, ಈ ಸಲ ಗಜ್ಜು ವಿಮಾನ ನಿಲ್ದಾಣಕ್ಕೆ ನುಗ್ಗುವುದಿತ್ತು.

“ನಾನು ಮಾಡ್ತೇನೆ,” ಎಂದಳು ನಿಶಾ.

“ತೂ? ತೂ ತೋ ಟೆಸ್ಟರ್ ಹೈ ಯಾರ್.”

“ಅದಕ್ಕೇ. ಯಾವುದು ಎಲ್ಲಿ ಬೀಳ್ತದೆ ಅಂತ ನನ್ನಷ್ಟು ಯಾರಿಗೆ ಗೊತ್ತು?”

ಹಿತೇಶ್ ಯೋಚಿಸಿ ಷರತ್ತು ಹಾಕಿದ. ಗೇಮ್ ತಯಾರಾದ ಮೇಲೆ ಸಾನಪಾಡಾದ ಬಾಲವಾಡಿಯ ಮಕ್ಕಳ ಮುಂದೆ ಇಡುವುದು. ಮನೆಗೆ ಹೋಗುವ ಬೆಲ್ ಆಗುವ ತನಕ ಮಕ್ಕಳು ಕೂತರೆ ಸಿ.ಡಿ. ಹೊರಡುತ್ತದೆ. ಅರ್ಧದಲ್ಲಿ ಎದ್ದು ಅಂಗಳದ ಜಾರುಬಂಡಿಗೆ ಓಡಿದರೆ ಖತಂ. ನಿಶಾ ಮತ್ತೆ ಟೆಸ್ಟಿಂಗಿಗೆ, ಪ್ರೋಗ್ರಾಮರ್ ಹೃಷೀಕೇಶ ಮತ್ತೆ ವಿಮಾನ ನಿಲ್ದಾಣಕ್ಕೆ.

ನಿಶಾ ಒಪ್ಪಿದಳು. ಇಷ್ಟು ವರ್ಷ ಬೇರೆಯವರ ಕೋಟೆ ಕೆಡವಿದವಳಿಗೆ ಒಂದು ಗುಡಿಸಲನ್ನಾದರೂ ತಾನೇ ಕಟ್ಟಬೇಕೆಂಬ ಆಸೆ. ಆ ಆಸೆ ಇಷ್ಟು ದೊಡ್ಡದಿತ್ತೆಂದು ಒಪ್ಪಿದ ಮೇಲೆಯೇ ಅವಳಿಗೆ ತಿಳಿದದ್ದು. ಸಂಜೆ ಥಾಣೆಯ ಗಾಡಿಯಲ್ಲಿ ಕೂತು ಒಬ್ಬಳೇ ನಕ್ಕಳು. ಎದುರಿನ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಗೇಮಿಗೆ ವಿಷಯ ಹುಡುಕಬೇಕಾಗಿ ಬರಲಿಲ್ಲ. ಮಧ್ಯಾಹ್ನದ ಗಿರಾಕಿಗಳು ಮುಗಿದು ಶಟರ್ ಅರ್ಧ ಎಳೆದ ಮೇಲೆ ಭಟ್ಟರ ಹೊಟೇಲಿನಲ್ಲಿ ಮೇಜುಗಳು ಗೋಡೆಗೆ ಸರಿಯುತ್ತಿದ್ದವು. ನೆಲದ ಮೇಲೆ ಒಂದೇ ಸಾಲಿನಲ್ಲಿ ಬಾಳೆಲೆ. ಯಜಮಾನರು, ಅಡಿಗೆಯವರು, ಬಡಿಸುವವರು, ಪಾತ್ರೆ ತೊಳೆಯುವ ಚಂದ್ರಬಾಯಿ, ರಜೆ ಇದ್ದ ದಿನ ನಿಶಾ, ಎಲ್ಲರೂ ಒಂದೇ ಪಂಕ್ತಿ. ಊರಿನ ಕ್ರಮವನ್ನು ಭಟ್ಟರು ಹೊಟೇಲಿಗೂ ತಂದಿದ್ದರು: ಕೊನೆಯವರು ಉಂಡು ಮುಗಿಸುವ ತನಕ ಮೊದಲು ಮುಗಿಸಿದವರು ಏಳುವಂತಿಲ್ಲ. ಕೈ ಒಣಗಲಿ, ಕಾಲು ಜೋಮು ಹಿಡಿಯಲಿ, ಕೂತಿರಬೇಕು.

ಈ ಕ್ರಮದ ಪರೀಕ್ಷೆಯಾಗಿ ಪಂಕ್ತಿಯ ತುದಿಯಲ್ಲಿ ಕೂರುತ್ತಿದ್ದವನು ವಿಜಾಪುರದ ಕಡೆಯ ಸಿದ್ರಾಮ. ವಡೆ ಕರಿಯುವುದರಲ್ಲಿ ಮಿಂಚು, ಉಣ್ಣುವುದರಲ್ಲಿ ಆಮೆ. ಅನ್ನದ ಅಗುಳನ್ನು ಒಂದೊಂದಾಗಿ ಮಾತನಾಡಿಸಿ ಬಾಯಿಗೆ ಕಳಿಸುತ್ತಿದ್ದಾನೋ ಎಂಬಂತೆ ಉಣ್ಣುತ್ತಿದ್ದ.

“ಸಿದ್ರಾಮಣ್ಣ,” ಎನ್ನುವರು ವಸಂತಿ, “ನಿಮ್ಮ ಮಜ್ಜಿಗೆಗೆ ಬರುವಾಗ ಸಂಜೆಯ ಗಿರಾಕಿ ಶಟರ್ ಬಡೀತಾರೆ ಮಾರಾಯ್ರೆ.”

“ಬಡೀಲಿ ಬಿಡ್ರಿ ಅಕ್ಕಾರ. ನಿಮ್ಮಂಗ ಗುಳುಂ ಮಾಡಾಕ ನಾ ಏನ್ ಹೆಬ್ಬಾವೇನು? ದೇವ್ರು ಹಲ್ಲು ಕೊಟ್ಟಾನ, ಅವಕ್ಕೂ ಒಂದೀಟು ದುಡಿಮಿ ಬೇಕಲ್ರಿ.”

ಪಂಕ್ತಿ ನಗುತ್ತಿತ್ತು, ಆದರೆ ಏಳುತ್ತಿರಲಿಲ್ಲ.

ಹೀಗೆ ‘ಗಜ್ಜುವಿನ ಪಂಕ್ತಿ’ ಹುಟ್ಟಿತು. ಗಜ್ಜುವಿನ ಮನೆಗೆ ಅತಿಥಿಗಳು ಬರುತ್ತಾರೆ: ಮಂಗ, ಗಿಳಿ, ಮೊಲ, ಕೊನೆಯಲ್ಲಿ ಆಮೆ. ಎಷ್ಟು ಜನವೋ ಅಷ್ಟು ಎಲೆ ಹಾಕಬೇಕು, ಎಣಿಕೆಯ ಪಾಠ. ಹಸಿರು ಪಲ್ಯ ಎಲ್ಲಿ, ಕೆಂಪು ಉಪ್ಪಿನಕಾಯಿ ಎಲ್ಲಿ, ಬಣ್ಣದ ಪಾಠ. ಬುಟ್ಟಿಯಿಂದ ತಲೆಗೊಂದು ಲಾಡು, ಹಂಚಿಕೆಯ ಪಾಠ. ಎಲ್ಲ ಮೌಸಿನಿಂದ. ಮಂಗ ಎರಡು ಗುಕ್ಕಿಗೆ ಮುಗಿಸುತ್ತದೆ, ಮೊಲ ಮೂಗು ಕುಣಿಸುತ್ತ ಮುಗಿಸುತ್ತದೆ. ಆಮೆ ಉಣ್ಣುವ ವೇಗವನ್ನು ನಿಶಾ ಸಿದ್ರಾಮನನ್ನು ನೆನೆದು ನಿರ್ಧರಿಸಿದಳು. ಎಲ್ಲರ ಊಟ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಏಳುತ್ತಾರೆ, ಆಟ ಮುಂದಕ್ಕೆ ಹೋಗುತ್ತದೆ. ಏಕೆ ಒಟ್ಟಿಗೆ ಎಂದು ಅವಳು ಯಾರಿಗೂ ವಿವರಿಸಲಿಲ್ಲ. ನೀರು ಕೆಳಕ್ಕೆ ಹರಿಯುತ್ತದೆ ಎಂದು ಯಾರಾದರೂ ವಿವರಿಸುತ್ತಾರೆಯೇ?

ಹೃಷೀಕೇಶ ಮಾತ್ರ ಒಮ್ಮೆ ತಲೆ ಕೆರೆದ. ಅವನು ಡೊಂಬಿವಲಿಯವನು.

“ಮಂಗನ ಊಟ ಆಯ್ತಲ್ಲ, ಅದು ಹೋಗಲಿ. ಯಾಕೆ ಕೂರಿಸಿದ್ದೀ?”

“ಆಮೆ ಉಣ್ತಾ ಉಂಟಲ್ಲ?”

“ಅದಕ್ಕೆ ಮಂಗ ಏನು ಮಾಡಬೇಕು? ನಮ್ಮ ಮನೆಯಲ್ಲಿ ಅಪ್ಪ ಉಣ್ಣೋದು ಫಾಸ್ಟ್ ಗಾಡಿ ಬಂದಮೇಲೆ, ಅಣ್ಣ ಸ್ಲೋ ಗಾಡಿ ಬಂದಮೇಲೆ, ನಾನು ಯಾವ ಗಾಡಿ ಸಿಕ್ಕಿದರೆ ಆವಾಗ. ನಾವೆಲ್ಲ ಒಟ್ಟಿಗೆ ಉಂಡದ್ದು ರೈಲು ಮುಷ್ಕರದ ದಿನ.”

“ಗಜ್ಜುವಿನ ಮನೆ ಡೊಂಬಿವಲಿಯಲ್ಲಿ ಇಲ್ಲ.”

“ಅದೂ ಸರಿ. ಡೊಂಬಿವಲಿ ಗಾಡಿಗೆ ಆನೆ ಹತ್ತೋಕಾಗಲ್ಲ,” ಎಂದು ಹೃಷೀಕೇಶ ಪ್ರೋಗ್ರಾಮ್ ಬರೆದುಕೊಟ್ಟ.

ಪರೀಕ್ಷೆಯ ಬೆಳಿಗ್ಗೆ ಬಾಲವಾಡಿಯ ಕೋಣೆಯಲ್ಲಿ ಕಿಟಕಿಗಳಿಗೆ ಬೆಡ್‌ಶೀಟ್ ಕಟ್ಟಿ, ಬಾಡಿಗೆಯ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಗೇಮನ್ನು ದೊಡ್ಡದಾಗಿ ಬಿಟ್ಟರು. ಮೌಸು ಮಕ್ಕಳ ಕೈಯಿಂದ ಕೈಗೆ ಸರದಿಯಲ್ಲಿ ಹೋಗುವುದು. ಟೀಚರ್ ಶರ್ಮಿಳಾ ಕಾರ್ಕಳದವರು. ಮಕ್ಕಳೊಂದಿಗೆ ಮರಾಠಿ, ನಿಶಾಳೊಂದಿಗೆ ಕನ್ನಡ, ತಮ್ಮೊಂದಿಗೇ ಮಾತನಾಡಿಕೊಳ್ಳುವಾಗ ತುಳು. “ನೋಡಿ ಮಾರಾಯ್ತಿ, ನನ್ನ ಕತೆಗೇ ಇವು ಎರಡು ನಿಮಿಷ ಕೂರುದಿಲ್ಲ. ನಿಮ್ಮ ಆನೆಗೆ ದೇವರೇ ಗತಿ,” ಎಂದು ಅವರು ಮೊದಲೇ ಎಚ್ಚರಿಸಿದರು. ತೆರೆದ ಬಾಗಿಲಿನಾಚೆ ಕೆಂಪು ಬಣ್ಣದ ಜಾರುಬಂಡಿ ಹೊಳೆಯುತ್ತಿತ್ತು. ಹಿತೇಶ್ ಅದರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತ.

ಗಜ್ಜು ಗೋಡೆಯ ಮೇಲೆ ಬಂದದ್ದೇ ಕೋಣೆ ಎದ್ದು ನಿಂತಿತು. “ಗಜ್ಜೂ! ಗಜ್ಜೂ! ಧಡಾಮ್ ಕರ್!”

“ಇವತ್ತು ಧಡಾಮ್ ಇಲ್ಲ, ಇವತ್ತು ಊಟ,” ಎಂದರು ಟೀಚರ್.

ಮಕ್ಕಳ ಮುಖ ಸಪ್ಪಗಾಯಿತು. ಆದರೂ ಎಲೆ ಹಾಕಿದರು, ಎಣಿಸಿದರು, ಮಂಗನ ತಲೆಯ ಮೇಲೆ ಉಪ್ಪಿನಕಾಯಿ ಬಡಿಸಲು ನೋಡಿದರು. ಲಾಡು ಹಂಚಿದರು. ಮಂಗ ಮುಗಿಸಿತು. ಗಿಳಿ ಮುಗಿಸಿತು. ಮೊಲ ಮುಗಿಸಿತು. ಮೂರೂ ಬರಿದಾದ ಎಲೆಯ ಮುಂದೆ ಕೂತೇ ಇದ್ದವು. ಆಮೆ ಬಾಯಿ ತೆರೆಯಿತು.

ಕಛೇರಿಯಲ್ಲಿ ಕೂತು ನೋಡಿದಾಗ ಹಿತವಾಗಿದ್ದ ನಿಧಾನ ಬಾಲವಾಡಿಯಲ್ಲಿ ಬೇರೆಯೇ ವಸ್ತುವಾಯಿತು. ಆಮೆ ಬಾಯಿ ಮುಚ್ಚಿತು. ಒಂದು ಮಗು ಆಕಳಿಸಿತು, ಇನ್ನೊಂದು ಪಕ್ಕದವನ ಶೂ ಬಿಚ್ಚಿತು. ಇಬ್ಬರು ಬಾಗಿಲಿನ ಕಡೆ ತೆವಳತೊಡಗಿದರು.

“ಹ್ಯಾಂಗ್ ಹೋ ಗಯಾ,” ಎಂದು ಹಿತೇಶ್ ಕುರ್ಚಿಯಿಂದ ಎದ್ದ. “ಬಂದ್ ಮಾಡಿ ಮತ್ತೆ ಶುರು ಮಾಡು.”

“ಹ್ಯಾಂಗ್ ಅಲ್ಲ. ಉಣ್ತಾ ಉಂಟು.”

“ಯಾರು?”

“ಆಮೆ.”

ಹಿತೇಶ್ ಗೋಡೆಯನ್ನು ನೋಡಿದ, ಅವಳನ್ನು ನೋಡಿದ, ಪ್ಲಗ್ಗಿನತ್ತ ಕೈ ಚಾಚಿದ. ನಿಶಾ ಪ್ಲಗ್ಗಿನ ಎದುರು ನಿಂತುಬಿಟ್ಟಳು. ಬಾಗಿಲಿನತ್ತ ತೆವಳುವವರು ಈಗ ನಾಲ್ವರು.

ಅಷ್ಟರಲ್ಲಿ ಪ್ರಣೀತ ಎಂಬ ಗುಂಡು ಹುಡುಗ, ಮೌಸಿನ ಸರದಿ ತನಗೆ ಬರುವ ಲಕ್ಷಣ ಕಾಣದೆ, ಕೀಬೋರ್ಡಿನ ಅತ್ಯಂತ ಉದ್ದದ ಗುಂಡಿಯ ಮೇಲೆ ಮುಷ್ಟಿ ಕುಟ್ಟಿದ.

ಧಡಾಮ್!

ಗೋಡೆಯ ಮೇಲೆ ಗಜ್ಜು ಕಾಲು ಅಪ್ಪಳಿಸಿತು. ಎಲೆಗಳು ಅದುರಿದವು. ಬುಟ್ಟಿಯಿಂದ ಒಂದು ಲಾಡು ಹಾರಿ, ಮಂಗನನ್ನು ದಾಟಿ, ಗಿಳಿಯನ್ನು ದಾಟಿ, ಉರುಳಿ ಉರುಳಿ ಸಾಲಿನ ತುದಿಗೆ ಬಂದು ಆಮೆಯ ಎಲೆಯಲ್ಲಿ ನಿಂತಿತು.

ನಿಶಾ ಹೃಷೀಕೇಶನನ್ನು ನೋಡಿದಳು. ಹೃಷೀಕೇಶ ಚಾವಣಿಯನ್ನು ನೋಡಿದ. ಹಳೆಯ ಗೇಮಿನಿಂದ ಆನೆಯನ್ನು ಎತ್ತಿ ತಂದಾಗ ಅದರ ಕಾಲಿನ ಜೊತೆ ಒದೆತವೂ ಬಂದಿತ್ತು. ತೆಗೆಯಲು ಅವನು ಮರೆತಿದ್ದ. ಇನ್ನು ನಿಶಾ? ವರ್ಷಗಟ್ಟಲೆ ಒತ್ತಬಾರದ ಗುಂಡಿಗಳನ್ನು ಒತ್ತಿಯೇ ಸಂಬಳ ಎಣಿಸಿದವಳು, ತನ್ನ ಸ್ವಂತ ಗೇಮಿನಲ್ಲಿ ಒಂದೇ ಒಂದು ತಪ್ಪು ಗುಂಡಿ ಒತ್ತಿ ನೋಡಿರಲಿಲ್ಲ. ಮನೆಯ ಅಡಿಗೆಯನ್ನು ಅನುಮಾನಿಸದ ಹಾಗೆ, ಎಲ್ಲ ಸರಿಯಿದೆ ಎಂದುಕೊಂಡಿದ್ದಳು.

ಧಡಾಮ್! ಧಡಾಮ್! ತೆವಳಿದ ನಾಲ್ವರೂ ಓಡೋಡಿ ವಾಪಸ್ ಬಂದರು. ಕೀಬೋರ್ಡಿನ ಮೇಲೆ ಮುಷ್ಟಿಗಳ ಮಳೆ. ಲಾಡುಗಳು ಗಗನಕ್ಕೆ ಚಿಮ್ಮಿ ಒಂದರ ಹಿಂದೆ ಒಂದು ಆಮೆಯ ಎಲೆಗೆ ಬಂದು ಗುಡ್ಡೆಯಾದವು. ಆಮೆ ಅವಸರಪಡಲಿಲ್ಲ. ಒಂದನ್ನು ಬಾಯಿಗಿಟ್ಟು ಅಗಿಯಿತು.

“ಏ ಕಾಸವಾ, ಲವ್ಕರ್ ಜೇವ್!” ಎಂದು ಒಬ್ಬಳು ಆಮೆಗೆ ಗದರಿದಳು, ಬೇಗ ಉಣ್ಣು ಎಂದು. ಅದು ಎಲ್ಲರಿಗೂ ಗೊತ್ತಿದ್ದ ವಿದ್ಯೆ. ಪ್ರತಿ ಮಗುವೂ ತನ್ನ ಮನೆಯ ಬೆದರಿಕೆಯನ್ನು ತಂದು ಆಮೆಯ ಮುಂದೆ ಸುರಿಯಿತು.

“ಸ್ಕೂಲ್ ಬಸ್ ಚಲೀ ಜಾಯೇಗೀ!” ಬಸ್ಸು ಹೊರಟುಹೋಗುತ್ತದೆ.

“ಬಾಬಾ ಆಲೇ ನಾ, ಮಗ್ ಬಘ್!” ಅಪ್ಪ ಬರಲಿ, ಆಮೇಲೆ ನೋಡು.

“ಬೇಗ ಉಣ್ಣು, ಇಲ್ಲದಿದ್ರೆ ಡಾಕ್ಟ್ರು ಬಂದು ಸೂಜಿ ಹಾಕ್ತಾರೆ!” ಎಂದಿತು ಒಂದು ಪುಟ್ಟ ಕನ್ನಡದ ಗಂಟಲು.

“ಅಯ್ಯೋ, ಇದು ನಾನು ಹೇಳುವ ಮಾತು,” ಎಂದು ಶರ್ಮಿಳಾ ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಈ ಗದ್ದಲದಲ್ಲಿ ಸುಮ್ಮನಿದ್ದವಳು ಓವಿ ಎಂಬ ಜುಟ್ಟಿನ ಹುಡುಗಿ ಒಬ್ಬಳೇ. ಅವಳು ಗೋಡೆಯ ಹತ್ತಿರ ಹೋಗಿ ಲಾಡುಗಳ ಗುಡ್ಡೆಯನ್ನು ನೋಡಿದಳು, ಪ್ರಣೀತನ ಮುಷ್ಟಿಯನ್ನು ನೋಡಿದಳು, ಮತ್ತೆ ಗುಡ್ಡೆಯನ್ನು ನೋಡಿದಳು. ಆಮೇಲೆ ತಿರುಗಿ ಸೊಂಟಕ್ಕೆ ಕೈ ಕೊಟ್ಟಳು.

“ಧಡಾಮ್ ಕೇಲಾ ಕೀ ತ್ಯಾಲಾ ಲಾಡೂ!” ಧಡಾಮ್ ಮಾಡಿದರೆ ಅವನಿಗೆ ಇನ್ನೊಂದು ಲಾಡು. ಇನ್ನೊಂದು ಲಾಡು ಬಂದರೆ ಅವನು ಇನ್ನೂ ಉಣ್ಣಬೇಕು. ಅವನು ಉಣ್ಣುವಷ್ಟು ಹೊತ್ತು ಯಾರೂ ಏಳುವ ಹಾಗಿಲ್ಲ. “ಸಗಳೇ ಹಾತ್ ಖಾಲೀ!” ಎಂದು ಅಪ್ಪಣೆ ಕೊಟ್ಟಳು: ಎಲ್ಲರೂ ಕೈ ಕೆಳಗೆ.

ಮಕ್ಕಳು ಕೈ ಕೆಳಗಿಟ್ಟರು. ನಂಬಿಕೆ ಸಾಲದೆ ಕೆಲವರು ಅಂಗೈಗಳ ಮೇಲೆಯೇ ಕೂತರು. ಪ್ರಣೀತನ ಒಂದು ಕೈಯನ್ನು ಇಬ್ಬರು, ಇನ್ನೊಂದನ್ನು ಮೂವರು ಹಿಡಿದುಕೊಂಡರು. ಆಮೆ ಅಗಿಯಿತು. ಒಂದು ಲಾಡು ಕಡಿಮೆಯಾಯಿತು.

“ಆಠ್,” ಎಂದಳು ಓವಿ, ಇನ್ನು ಎಂಟು. ಮುಂದಿನದಕ್ಕೆ ಕೋಣೆಯೆಲ್ಲ ಸೇರಿತು. “ಸಾತ್!”

ನಿಶಾ ಗೋಡೆಗೆ ಒರಗಿದಳು. ಹಿಂದಕ್ಕೆ ಎಣಿಸುವ ಪಾಠವನ್ನು ಅವಳು ಗೇಮಿನಲ್ಲಿ ಇಟ್ಟಿರಲೇ ಇಲ್ಲ. ಯಾರೂ ಇಟ್ಟಿರಲಿಲ್ಲ.

“ಚಾರ್! ತೀನ್! ದೋನ್!”

ಧಡಾಮ್.

ಪ್ರಣೀತ ಮೂಗಿನಿಂದ ಒತ್ತಿದ್ದ.

ಆಮೇಲಿನ ಗಲಾಟೆಯನ್ನು ಕೇಳಿ ಪಕ್ಕದ ಕಟ್ಟಡದ ವಾಚ್‌ಮನ್ ಬಂದು ಇಣುಕಿಹೋದ. ಪ್ರಣೀತನನ್ನು ಕೀಬೋರ್ಡಿನಿಂದ ದೂರಕ್ಕೆ ಎಳೆದು ಟೀಚರ ಮಡಿಲಲ್ಲಿ ಬಂಧಿಸಲಾಯಿತು. ಅವನೂ ನಗುತ್ತಿದ್ದ, ಎಣಿಕೆ ಮತ್ತೆ ಮೂರಕ್ಕೆ ಬಂದದ್ದು ಅವನಿಗೆ ಹೆಮ್ಮೆಯ ವಿಷಯವಾಗಿತ್ತು.

ಆಗಲೇ ಬೆಲ್ ಆಯಿತು. ತಾಯಂದಿರು ಬಾಗಿಲಿಗೆ ಬಂದು ನಿಂತರು. ಯಾವ ದಿನವೂ ಬೆಲ್ಲಿಗಿಂತ ಮೊದಲೇ ಚೀಲ ಹಾಕಿಕೊಂಡು ಹೊಸ್ತಿಲಲ್ಲಿ ಇರುತ್ತಿದ್ದ ಮಕ್ಕಳು ಇವತ್ತು ತಿರುಗಿಯೂ ನೋಡಲಿಲ್ಲ.

“ಓವೀ, ಚಲ್! ರಿಕ್ಷಾ ಉಭೀ ಆಹೇ!” ಬಾ, ರಿಕ್ಷಾ ಕಾಯುತ್ತಿದೆ.

ಓವಿ ಬೆರಳು ತುಟಿಗೆ ಇಟ್ಟಳು. “ಆಯೀ, ಕಾಸವ ಜೇವ್ತೋಯ್.” ಆಮೆ ಇನ್ನೂ ಉಣ್ಣುತ್ತಿದೆ, ಈಗ ಏಳಬಾರದು.

“ಕೋಣ್ ಜೇವ್ತೋಯ್?” ಎನ್ನುತ್ತ ಒಳಗೆ ಬಂದ ತಾಯಿ ಗೋಡೆ ನೋಡಿ ನಿಂತಳು. ಇನ್ನೊಬ್ಬಳು ಬಂದಳು. ಹೊರಗೆ ರಿಕ್ಷಾದವನು ಹಾರ್ನ್ ಒತ್ತಿದ.

ಹಿತೇಶ್ ಇನ್ನೂ ನಿಂತೇ ಇದ್ದ. ಅವನ ನೆರಳು ಗೋಡೆಯ ಮೇಲೆ ಮಂಗನನ್ನು ಪೂರ್ತಿ ಮುಚ್ಚಿತ್ತು. ಏಳಬಾರದು, ಕೂರಬೇಕು ಎಂದು ಒಂದು ಮಗು ಅವನ ಪ್ಯಾಂಟು ಹಿಡಿದು ಎಳೆಯಿತು. “ಅಂಕಲ್, ಬೈಠೋ ನಾ. ಉಠ್‌ನಾ ಮನಾ ಹೈ.”

ಹಿತೇಶ್ ಇಸ್ತ್ರಿಯ ಪ್ಯಾಂಟಿನಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಕೂತ ಮೇಲೆ ಅವನ ಮುಖದಲ್ಲಿ ಏನೋ ಬದಲಾಯಿತು.

“ನಿಶಾ,” ಎಂದು ಪಿಸುಗುಟ್ಟಿದ. “ನಮ್ಮ ಊರಿನ ಅಜ್ಜಿ ಮನೆಯಲ್ಲಿ ನಾನು ಒಮ್ಮೆ ಮಧ್ಯದಲ್ಲಿ ಎದ್ದಿದ್ದೆ. ಸೌಟಿನಿಂದ ಬಡಿದಿದ್ರು. ಯಾಕೆ ಅಂತ ಇವತ್ತಿನ ತನಕ ಗೊತ್ತಿರಲಿಲ್ಲ.”

“ಈಗ ಗೊತ್ತಾಯ್ತಾ?”

“ಶ್ಶ್!” ಎಂದಳು ಓವಿ ಇಬ್ಬರಿಗೂ.

“ಏಕ್,” ಎಂದಿತು ಕೋಣೆ, ಈಗ ತಾಯಂದಿರ ದನಿಯೂ ಸೇರಿ. ಆಮೆ ಕೊನೆಯ ಲಾಡನ್ನು ಎತ್ತಿತು. ಅಗಿಯಿತು. ಇನ್ನೂ ಅಗಿಯಿತು. ನುಂಗಿತು. ಎಲೆ ಬರಿದಾಯಿತು. ಮಂಗ, ಗಿಳಿ, ಮೊಲ, ಆಮೆ, ಗಜ್ಜು ಎಲ್ಲ ಒಟ್ಟಿಗೆ ಎದ್ದು ನಿಂತವು. ಕೋಣೆಯೂ ಎದ್ದಿತು. ಕಿಟಕಿಯ ಬೆಡ್‌ಶೀಟ್ ಒಂದು ಕಳಚಿ ಬಿದ್ದು ಬಿಸಿಲು ನುಗ್ಗಿತು. ಯಾರು ಯಾರನ್ನು ಎತ್ತಿ ಕುಣಿಸುತ್ತಿದ್ದಾರೆ ಎಂಬುದು ತಿಳಿಯದ ಹಾಗಾಯಿತು. ಹೃಷೀಕೇಶನ ಹೆಗಲ ಮೇಲೆ ಪ್ರಣೀತ ಕೂತಿದ್ದ, ಅವನು ಹೇಗೆ ಅಲ್ಲಿಗೆ ಹತ್ತಿದನೋ ಯಾರಿಗೂ ಗೊತ್ತಿಲ್ಲ.

“ಆತಾ ಹಾತ್ ಧುವಾಯಚೇ!” ಎಂದು ಒಂದು ಮಗು ಕೂಗಿತು. ಊಟ ಆಯಿತು, ಇನ್ನು ಕೈ ತೊಳೆಯಬೇಕು.

ನಿಜ. ಊಟವಾದ ಮೇಲೆ ಕೈ ತೊಳೆಯಬೇಕು. ಗೇಮಿನಲ್ಲಿ ಆ ಭಾಗ ಇರಲಿಲ್ಲ; ಗೋಡೆಯ ಮೇಲೆ ಬಿಳಿಯ ಬೆಳಕು ಮಾತ್ರ ಇತ್ತು. ಮಕ್ಕಳು ಅದಕ್ಕಾಗಿ ಕಾಯಲಿಲ್ಲ. ಜಾರುಬಂಡಿಯ ಪಕ್ಕದಿಂದಲೇ ಓಡಿ, ಅಂಗಳದ ಮೂಲೆಯ ನಲ್ಲಿಯ ಮುಂದೆ ಸಾಲುಗಟ್ಟಿದರು. ಒಂದು ತುತ್ತೂ ತಿಂದಿರದ ಕೈಗಳನ್ನು ಚಾಚಿ, ಒಬ್ಬರ ಹಿಂದೆ ಒಬ್ಬರು, ಗಂಭೀರವಾಗಿ. ತಾಯಂದಿರು ಚೀಲ ಹಿಡಿದು ಬದಿಯಲ್ಲಿ ನಿಂತರು. ಸಾಲಿನ ಹಿಂದೆ ಹೃಷೀಕೇಶ, ಅವನ ಹಿಂದೆ ಹಿತೇಶ್.

“ಆ ಒದೆತ ತೆಗೀಬೇಡ,” ಎಂದು ಹಿತೇಶ್ ಅವನಿಗೆ ಹೇಳುತ್ತಿದ್ದ. “ಆಮೆಯ ಸ್ಪೀಡೂ ಹಾಗೇ ಇರಲಿ. ದಾದರಿನವನಿಗೆ ಇವತ್ತೇ ಫೋನ್ ಮಾಡ್ತೇನೆ.” ಆಮೇಲೆ ತಿರುಗಿ ಅಂಗಳದಾಚೆಗೆ ಕೂಗಿದ, “ನಿಶಾ! ಈ ಕೈ ತೊಳೆಯೋ ಭಾಗ ಯಾವಾಗ ಕೊಡ್ತೀ?”

ನಿಶಾ ಹೊಸ್ತಿಲಲ್ಲಿ ನಿಂತಿದ್ದಳು. ನಗುವಿನ ಅಬ್ಬರದಲ್ಲಿ ಕಣ್ಣಲ್ಲಿ ನೀರು ಬಂದು ಅಂಗಳವೆಲ್ಲ ಸ್ವಲ್ಪ ತೇಲುತ್ತಿತ್ತು. ಉತ್ತರ ಕೊಡಲು ಬಾಯಿ ತೆರೆದಳು, ಅಷ್ಟರಲ್ಲಿ ಓವಿ ಬಂದು ಅವಳ ಕೈ ಹಿಡಿದು, ಎಳೆದುಕೊಂಡು ಹೋಗಿ, ಹಿತೇಶನ ಬೆನ್ನ ಹಿಂದೆ ನಿಲ್ಲಿಸಿದಳು.